ಸಣ್ಣಜ್ಜನ ಬಿಸಿ ಕಾಗದ

ನಮ್ಮ ಊರಿನಲ್ಲಿ ಕಾಗದ ಒಡೆಯುವ ಮೊದಲು ಮಕ್ಕಳನ್ನು ಹಿಂದೆ ಸರಿಸುತ್ತಾರೆ, ಆಮೇಲೆ ಒಣಗಲು ಹಾಕಿದ ಬಟ್ಟೆಗಳು ಎಲ್ಲಿವೆ ಎಂದು ನೋಡುತ್ತಾರೆ. ಎಲ್ಲಿ ಕೂತು ಕಾಗದ ಬರೆದರೋ ಅಲ್ಲಿಯ ಹವಾ, ಸಪ್ಪಳ, ವಾಸನೆ ಎಲ್ಲ ಲಕೋಟೆಯೊಳಗೆ ಮುದುಡಿಕೊಂಡು ಬರುತ್ತದೆ, ಒಡೆದ ಕೂಡಲೇ ಹೊರಗೆ ಬೀಳುತ್ತದೆ. ಸಮುದ್ರದ ಕಡೆಯ ಮಳೆಯಲ್ಲಿ ಕೂತು ನಮ್ಮ ಅಳಿಯ ಬರೆದ ಕಾಗದವನ್ನು ನನ್ನ ಹೆಂಡತಿ ಕಸ್ತೂರಿ ಹಿತ್ತಲಿನ ಮೆಣಸಿನ ಗಿಡದ ಮೇಲೆ ಹಿಡಿದು ಒಡೆಯುತ್ತಾಳೆ, ಆ ದಿನ ನೀರು ಹಾಕುವ ಕೆಲಸ ತಪ್ಪುತ್ತದೆ. ಬೇಸಿಗೆಯಲ್ಲಿ ಯಾರಿಗಾದರೂ ಬ್ಯಾಂಕಿನಿಂದ ಕಾಗದ ಬಂತೆಂದರೆ ಇಡೀ ಓಣಿ ಅವರ ಪಡಸಾಲೆಯಲ್ಲಿ ಬಂದು ಕೂರುತ್ತದೆ. ಒಳಗೆ ಏನು ಬೇಕಾದರೂ ಬರೆದಿರಲಿ, ಆ ತಣ್ಣನೆ ಹವಾ ಬಹಳ ಹೊತ್ತು ನಿಲ್ಲುತ್ತದೆ. ಲಗ್ನಪತ್ರಿಕೆ ಒಡೆಯುವಾಗಲಂತೂ ಹೆಂಗಸರು ಮೂಗು ಮುಂದೆ ಚಾಚಿ, ಬೀಗರ ಮನೆಯಲ್ಲಿ ಕಾಸುವುದು ತುಪ್ಪವೋ ಡಾಲ್ಡಾವೋ ಹೇಳಿಬಿಡುತ್ತಾರೆ. ಹೀಗಾಗಿ ನಮ್ಮೂರಿನ ಜೋಡಿ ಸಂಬಂಧ ಬೆಳೆಸುವ ಜಾಣರು ಕಾಗದವನ್ನು ದೇವಸ್ಥಾನದಲ್ಲಿ ಕೂತು ಬರೆಯುತ್ತಾರೆ.

ನಾನು ಗುರುಸಿದ್ದಪ್ಪ. ಪೇಟೆಯಲ್ಲಿ ನಮ್ಮದು ಕಂಬಳಿ ಅಂಗಡಿ. ಬಾಗಿಲ ಮೇಲೆ ಹಳದಿ ಅಕ್ಷರದಲ್ಲಿ 'ಯುದ್ಧಕ್ಕೆ ಕಂಬಳಿ ಕೊಟ್ಟ ಮನೆತನ' ಎಂದು ದೊಡ್ಡದಾಗಿ ಬರೆದಿತ್ತು, ನನ್ನ ಅಜ್ಜ ಬರೆಸಿದ್ದು. ಒಳಗೆ ಅಜ್ಜನ ತಮ್ಮ ವಿರೂಪಾಕ್ಷಪ್ಪನ ಫೋಟೋ. ನಮ್ಮ ಪಾಲಿಗೆ ಆತ ಸಣ್ಣಜ್ಜ. ತಲೆಗೆ ಪಟಗ ಸುತ್ತಿಕೊಂಡು, ಫೋಟೋ ತೆಗೆಯುವವನಿಗೇ ಏನೋ ಚೇಷ್ಟೆ ಮಾಡಲು ಹೊರಟವನ ಹಾಗೆ ಕೂತಿದ್ದಾನೆ. ದೊಡ್ಡ ಯುದ್ಧದ ಕಾಲಕ್ಕೆ ಚಕ್ಕಡಿ ತುಂಬ ಕಂಬಳಿ ಹೇರಿಕೊಂಡು ದಂಡಿನವರಿಗೆ ಮಾರಲು ಹೋದವನು ತಿರುಗಿ ಬರಲಿಲ್ಲ. ಸಿಪಾಯಿಗಳಿಗೆ ಕಂಬಳಿ ಹೊದಿಸುತ್ತ ಹೊದಿಸುತ್ತಲೇ ಗುಂಡು ತಾಗಿ ಸತ್ತ ಎಂದು ನನ್ನ ಅಜ್ಜ ಹೇಳುತ್ತಿದ್ದ. ಎದುರಿನ ಬೆಲ್ಲದ ಅಂಗಡಿಯವರು ಬೇರೆಯೇ ಹೇಳುತ್ತಿದ್ದರು. ಕಂಬಳಿ ಮಾರಿದ ದುಡ್ಡು ಉಡಿಯಲ್ಲಿಟ್ಟುಕೊಂಡು ನಾಟಕ ಕಂಪನಿಯವಳ ಹಿಂದೆ ಓಡಿಹೋದನಂತೆ. ಎರಡಕ್ಕೂ ಸಾಕ್ಷಿ ಇರಲಿಲ್ಲ. ಸಾಕ್ಷಿ ಇಲ್ಲದ ಕಡೆ ಬೋರ್ಡು ಇದ್ದವನ ಮಾತು ನಡೆಯುತ್ತದೆ, ಅದು ನನ್ನ ಅಜ್ಜನಿಗೆ ಚೆನ್ನಾಗಿ ಗೊತ್ತಿತ್ತು.

ಅಂಗಡಿಗೆ ನೂರು ತುಂಬುವ ವರ್ಷ ನಾನು ಮನೆತನದ ಇತಿಹಾಸ ಬರೆಯಲು ಕೂತೆ. ಚಿಕ್ಕ ಪುಸ್ತಕ ಮಾಡಿ ಗಿರಾಕಿಗಳಿಗೆ ಹಂಚಬೇಕೆಂಬ ಹುರುಪು. ಕುರಿ ಕಾಯುವವರಿಂದ ಉಣ್ಣೆ ಕೊಂಡ ಮೂಲಪುರುಷನಿಂದ ಹಿಡಿದು ಮುತ್ತಜ್ಜನವರೆಗೆ ಸರಾಗ ಬಂತು, ಯಾಕೆಂದರೆ ಅವರ ಬಗ್ಗೆ ಯಾರಿಗೂ ಏನೂ ಗೊತ್ತಿಲ್ಲ, ನಾನು ಬರೆದದ್ದೇ ಖರೆ. ಸಣ್ಣಜ್ಜನ ಹತ್ತಿರ ಬಂದು ಗಾಡಿ ನಿಂತಿತು. ಮುದ್ರಣಾಲಯದವನು, ಆತ ತೀರಿಕೊಂಡ ಊರು ಯಾವುದು ಹಾಕಲಿ ಎಂದು ಕೇಳಿದ. ರಣರಂಗ ಅಂತ ಹಾಕಪ್ಪ ಎಂದೆ. ಯಾವ ರಣರಂಗ ಎಂದ. ಇಂಥ ಕೆದಕುವ ಬುದ್ಧಿಯವನು ಮುದ್ರಣಾಲಯ ಯಾಕೆ ಇಡಬೇಕು, ಪೊಲೀಸಿಗೆ ಸೇರಬಾರದಿತ್ತೇ ಎಂದು ನನಗೆ ಸಿಟ್ಟು ಬಂತು.

ಸಣ್ಣಜ್ಜನಿಂದ ಒಂದೇ ಒಂದು ಕಾಗದ ಬಂದಿತ್ತು. ಬಂದದ್ದು ಆತನ ಹೆಂಡತಿ ಬಸಲಿಂಗವ್ವನ ಹೆಸರಿಗೆ, ಅವಳು ದಿನ ತುಂಬಿದ ಬಸುರಿ ಇದ್ದಾಗ. ಲಕೋಟೆಯ ಮೇಲೆ ದಂಡಿನ ಮೊಹರು ಇತ್ತು. ಹೊರಗೆ ಎಲ್ಲಿಂದ ಎಂದು ಬರೆಯುವ ಹಾಗಿರಲಿಲ್ಲವಂತೆ, ಯುದ್ಧದ ಕಾಲಕ್ಕೆ ಹಾಗೇ ಕಾನೂನು. ಲಕೋಟೆ ಜ್ವರ ಬಂದವರ ಹಣೆಯ ಹಾಗೆ ಬಿಸಿ. ಕಿವಿ ಹಚ್ಚಿದರೆ ಒಳಗೆ ದಬ್ ದಬ್ ದಬ್ ಎಂದು ಸಪ್ಪಳ. ಅದರ ಹಿಂದಿನ ವರ್ಷವೇ ಗಾಣದವರ ಮನೆಯಲ್ಲಿ ಯುದ್ಧದ ಕಡೆಯ ಕಾಗದವೊಂದನ್ನು ನಡುಮನೆಯಲ್ಲಿ ಒಡೆದು ಹಂಚುಗಳೆಲ್ಲ ಹಾರಿ ಕೆರೆಗೆ ಬಿದ್ದಿದ್ದವು, ಆ ಮನೆಯ ಅತ್ತೆಗೆ ಕಿವಿ ಕಡೆಯತನಕ ಕೇಳಿಸಲಿಲ್ಲ. ಅಂದಿನಿಂದ ಯುದ್ಧದ ಕಾಗದ ಊರೊಳಗೆ ಒಡೆಯಬಾರದೆಂದು ಪಂಚರು ಕಟ್ಟು ಮಾಡಿದರು. ಬಸಲಿಂಗವ್ವ ಲಕೋಟೆಯನ್ನು ಮುಟ್ಟಿ ನೋಡಿದಳು, ಹೊಟ್ಟೆ ಹಿಡಿದುಕೊಂಡಳು, ಒಯ್ದು ಜೋಳ ತುಂಬಿದ ಮಣ್ಣಿನ ಹರವಿಯಲ್ಲಿ ಹೂಳಿದಳು. ಆ ಹರವಿ ಅಂಗಡಿಯ ಒಳಕೋಣೆಯಲ್ಲಿ ಹೋದ ಬೇಸಿಗೆಯವರೆಗೂ ಇತ್ತು. ಚಿಕ್ಕಂದಿನಲ್ಲಿ ನಾವೆಲ್ಲ ಅದಕ್ಕೆ ಕಿವಿ ಹಚ್ಚಿ, ಸಣ್ಣಜ್ಜನ ಫಿರಂಗಿ ಕೇಳಿ, ಮೈ ಜುಮ್ಮೆಂದು ಓಡಿ ಬರುತ್ತಿದ್ದೆವು. ವರ್ಷ ಎಷ್ಟು ಕಳೆದರೂ ಆ ದಬ್ ದಬ್ ನಿಲ್ಲಲಿಲ್ಲ, ಬಿಸಿ ಆರಲಿಲ್ಲ.

ಆಗ ಹೊಟ್ಟೆಯಲ್ಲಿದ್ದವಳೇ ನಮ್ಮ ನೀಲವ್ವ ಅತ್ತಿ, ನನ್ನ ತಂದೆಗೆ ಚಿಕ್ಕಪ್ಪನ ಮಗಳು. ಎಂಬತ್ತು ದಾಟಿದ್ದಾಳೆ, ಕಣ್ಣು ಚುರುಕು, ಬಾಯಿ ಅದಕ್ಕಿಂತ ಚುರುಕು. ಇದೇ ಊರಿನ ಮೇಲಿನ ಓಣಿಗೆ ಕೊಟ್ಟಿದ್ದರು. ಗಂಡನ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ 'ಓಡಿಹೋದವನ ಮಗಳು' ಎನ್ನುತ್ತಿದ್ದರಂತೆ. ನಮ್ಮ ಮನೆಗೆ ಬಂದರೆ 'ವೀರನ ಮಗಳು' ಎಂದು ಕರೆದು, ಫೋಟೋದ ಕೆಳಗೆ ಕೂರಿಸಿ ಸೀರೆ ಉಡಿಸುತ್ತಿದ್ದರು. ಅವಳಿಗೆ ಎರಡೂ ಸೇರುತ್ತಿರಲಿಲ್ಲ. ಬಸಲಿಂಗವ್ವ ಸಾಯುವವರೆಗೂ ಕುಂಕುಮ ಅಳಿಸಲಿಲ್ಲ, ಗಂಡನ ಹೆಸರೂ ಎತ್ತಲಿಲ್ಲ.

ಹೋದ ಬೇಸಿಗೆಯಲ್ಲಿ ಪುರಸಭೆಯವರು ಡಂಗುರ ಹೊಡೆಸಿದರು. ಊರಿನಲ್ಲಿ ಎಲ್ಲೆಲ್ಲಿ ಯುದ್ಧದ ಕಾಗದ ಉಳಿದಿವೆಯೋ ಅವನ್ನೆಲ್ಲ ಅಮಾವಾಸ್ಯೆಯೊಳಗೆ ತಂದು ಒಪ್ಪಿಸಬೇಕು, ಕಲ್ಲಿನ ಕ್ವಾರಿಯ ನೀರಿನಲ್ಲಿ ಮುಳುಗಿಸುತ್ತಾರೆ. ನಾನು ಮನಸ್ಸಿನಲ್ಲೇ ಕೈಮುಗಿದೆ. ಕಾಗದ ಮುಳುಗಿದರೆ ಬೋರ್ಡು ತೇಲುತ್ತದೆ, ಪುಸ್ತಕ ಅಚ್ಚಿಗೆ ಹೋಗುತ್ತದೆ, ರಣರಂಗ ಯಾವುದೆಂದು ಕೇಳಲು ಯಾವ ಅಪ್ಪನಿಗೂ ಸಾಧ್ಯವಿಲ್ಲ. ಹರವಿಯನ್ನು ಹೊರಗೆ ತೆಗೆಸಿ ಜೋಳ ಸುರಿಸುತ್ತಿದ್ದೆ. ಅಷ್ಟರಲ್ಲಿ ನೀಲವ್ವ ಅತ್ತಿ ಕೋಲು ಊರಿಕೊಂಡು ಬಿಸಿಲಲ್ಲಿ ಬಂದಳು. ಬಂದವಳೇ ಕಂಬಳಿಯ ಒಟ್ಟಿನ ಮೇಲೆ ಹತ್ತಿ ಕೂತಳು.

"ಏನೋ ಗುರುಸಿದ್ದ, ನಮ್ಮಪ್ಪನ್ನ ಕ್ವಾರಿಗೆ ಹಾಕಾಂವ ಇದ್ದೀಯಂತ."

"ಅಪ್ಪನ್ನಲ್ಲ ಅತ್ತಿ, ಕಾಗದ ಹಾಕೋದು."

"ನನಗ ಎರಡೂ ಒಂದ. ಅದನ್ನ ಬಿಟ್ರ ಅಪ್ಪಂದು ಅನ್ನೋದು ನನ್ನ ಕಡೆ ಏನೈತಿ? ಕಾಗದ ನಮ್ಮವ್ವನ ಹೆಸರಿಗೆ ಬಂದದ್ದು, ಈಗ ನಂದು. ನಾ ಅದನ್ನ ಒಡಸ್ತೀನಿ."

"ಊರ ಸುಡ್ತೀಯೇನು? ದಬ್ ದಬ್ ಅನ್ನೋದು ಕೇಳೂದಿಲ್ಲ?"

"ಹುಟ್ಟಿದಾಗಿಂದ ಕೇಳೇನಿ. ನಿನಗಿಂತ ಚಲೋ ಕೇಳೇನಿ."

ಗಿರಾಕಿಯೊಬ್ಬ ಬಂದ. ಅವನು ಕೇಳಿದ ಕರಿ ಕಂಬಳಿ ಸರಿಯಾಗಿ ಅತ್ತಿ ಕೂತ ಒಟ್ಟಿನಲ್ಲೇ ಇತ್ತು. ಏಳು ಎಂದೆ. ಏಳಲಿಲ್ಲ. ಕಂಬಳಿ ಜೋಡಿ ಮುದುಕಿಯನ್ನೂ ಕಟ್ಟಿಕೊಡು ಎಂದು ಅವನ ಎದುರಿಗೇ ಅಂದಳು. ಅವನು ನಕ್ಕು, ನಾಳೆ ಬರ್ತೀನಿ ಎಂದು ಹೋದ. ಮಧ್ಯಾಹ್ನ ಕಳೆಯುವುದರಲ್ಲಿ ಅರ್ಧ ಪೇಟೆ ಅಂಗಡಿ ಮುಂದೆ ನಿಂತಿತ್ತು. ಎದುರಿನ ಬೆಲ್ಲದ ಅಂಗಡಿಯವನಂತೂ ಕುರ್ಚಿ ಹಾಕಿಕೊಂಡೇ ಕೂತಿದ್ದ. ನನಗೆ ತಲೆ ಕೆಟ್ಟು, ಜನ ಇದ್ದಾರೆಂಬುದನ್ನೂ ನೋಡದೆ ಕೇಳಿಬಿಟ್ಟೆ. "ಒಡೆದ ಮ್ಯಾಲೆ ಆತ ಓಡಿಹೋಗಿದ್ದು ಖರೆ ಅಂತ ಆದ್ರ ಏನ್ ಮಾಡ್ತೀ?"

ಅತ್ತಿ ಕೋಲನ್ನು ನೆಲಕ್ಕೆ ಕುಟ್ಟಿದಳು. "ಓಡಿಹೋಗಿದ್ರ ಒಂದ್ ದಿನ ಬೈದು ಬಿಡ್ತೀನಿ. ಸತ್ತಿದ್ರ ಒಂದ್ ದಿನ ಅತ್ತು ಬಿಡ್ತೀನಿ. ಬೈಯೂ ಹಂಗೂ ಇಲ್ಲ, ಅಳೂ ಹಂಗೂ ಇಲ್ಲ, ಹಿಂಗ ಎಷ್ಟ ವರ್ಷ ಇರ್ಲೋ ಗುರುಸಿದ್ದ? ಅವ ನನ್ನ ಬ್ಯಾಡ ಅಂದು ಹೋದನೋ, ಬೇಕಂದ್ರೂ ಬರಾಕ ಆಗಲಿಲ್ಲೋ, ಅಷ್ಟ ನನಗ ಗೊತ್ತಾಗಬೇಕು. ಮತ್ತೇನೂ ಬ್ಯಾಡ."

ವ್ಯಾಪಾರಸ್ಥನಿಗೆ ಜವಾಬು ಇಲ್ಲದೆ ಹೋದರೆ ಮೈಯೆಲ್ಲ ತುರಿಕೆ. ಬೇಗ ಅಂಗಡಿ ಬಾಗಿಲು ಹಾಕಿ ಮನೆಗೆ ಹೋದೆ. ನಡೆದದ್ದೆಲ್ಲ ಕಸ್ತೂರಿಗೆ ನನಗಿಂತ ಮೊದಲೇ ಗೊತ್ತಾಗಿತ್ತು. ತಾಟು ಮುಂದಿಡುತ್ತ, "ನಿಮಗ ಹೆದರಿಕಿ ಇರೋದು ಮನಿ ಹಂಚಿಂದಲ್ಲ ಬಿಡ್ರಿ, ಬೋರ್ಡಿಂದು" ಎಂದಳು. ಅವಳ ಮಾತು ಸುಳ್ಳಾಗಿದ್ದರೆ ನಾಲ್ಕು ಮಾತು ಅನ್ನಬಹುದಿತ್ತು.

ಮರುದಿನ ಲಕೋಟೆ ಹಿಡಿದುಕೊಂಡು ದಾವಲಸಾಬರ ಮನೆಗೆ ಹೋದೆ. ಕಾಗದ ಒಡೆಯುವುದು ಅವರ ಮನೆತನದ ಕಸುಬು. ಬಿರುಗಾಳಿಯ ಕಾಗದ, ಕಾಡುಕಿಚ್ಚಿನ ಕಡೆಯ ಕಾಗದ, ಸಿಟ್ಟಿನಲ್ಲಿ ಬರೆದ ಬೀಗರ ಕಾಗದ, ಎಲ್ಲದಕ್ಕೂ ಅವರನ್ನೇ ಕರೆಯಬೇಕು. ಒಮ್ಮೆ ಜ್ವಾಲಾಮುಖಿ ನೋಡಲು ಹೋದವನ ಕಾಗದ ಒಡೆದು ಹುಬ್ಬು ಕಳೆದುಕೊಂಡಿದ್ದರು, ಅವು ಮತ್ತೆ ಬರಲೇ ಇಲ್ಲ. ಹುಬ್ಬಿಲ್ಲದ ಮುಖದಲ್ಲಿ ಅವರಿಗೆ ಸಿಟ್ಟು ಬಂದಿದೆಯೋ ನಗು ಬಂದಿದೆಯೋ ತಿಳಿಯುವುದಿಲ್ಲ. ಲಕೋಟೆ ಕೈಯಲ್ಲಿ ಹಿಡಿದು ತೂಗಿದರು, ಕಿವಿಗೆ ಹಚ್ಚಿದರು.

"ಯಜಮಾನ್ರ, ಇದು ಸಣ್ಣಪುಟ್ಟ ಮಾಲಲ್ಲ. ತೋಪು ಎಡಬಿಡದ ಹಾರಸಾಕತ್ತಾರ ಒಳಗ."

"ಆಗಂಗಿಲ್ಲೇನ್ರಿ ಹಂಗಾರ?"

"ಆಗಂಗಿಲ್ಲ ಅಂತ ಯಾರಂದ್ರು? ಕೆರಿ ಒಣಗೇತಿ, ನಡುವ ಇಟ್ಟು ಒಡಿಯೂಣು. ಜನ ಎಲ್ಲಾ ಏರಿ ಆಚೆ ಇರಬೇಕು. ಒಡಿಯೋದು ನಾನು, ಉಳಿದ್ರ ಚಾ ಕುಡಿಸ್ರಿ."

ಪುರಸಭೆಯವರು ಬೇಡವೆನ್ನಲಿಲ್ಲ. ಕ್ವಾರಿಗೆ ಗಾಡಿ ಕಳಿಸುವ ಖರ್ಚು ಉಳಿಯಿತಲ್ಲ. ಅಮಾವಾಸ್ಯೆಯ ಹಿಂದಿನ ದಿನ ಮುಂಜಾನೆ ಇಡೀ ಊರು ಕೆರೆಯ ಏರಿಯ ಆಚೆ ಮಗ್ಗುಲಲ್ಲಿ, ತಲೆಯ ಮೇಲೆ ಪಾತ್ರೆ ಬೋಗುಣಿ ಕವುಚಿಕೊಂಡು ಕೂತಿತು. ಬಡಿಗೇರರ ಮನೆಯವರು ಬಾಗಿಲೇ ಹೊತ್ತು ತಂದಿದ್ದರು. ಮಂಡಕ್ಕಿ ಮಾರುವವರೂ ಬಂದಿದ್ದರು. ಕೆರೆಯ ಅಂಗಳದ ನಡುವೆ ದಾವಲಸಾಬರು ಒದ್ದೆ ಗೋಣಿಚೀಲ ಹಾಸಿ ಲಕೋಟೆ ಇಟ್ಟು, ಉದ್ದನೆಯ ಬಿದಿರಿನ ತುದಿಗೆ ಕುಡುಗೋಲು ಕಟ್ಟಿಕೊಂಡರು.

ನೀಲವ್ವ ಅತ್ತಿ ಏರಿಯ ಕಡೆಗೆ ಹೋಗಲೇ ಇಲ್ಲ. ನೆಟ್ಟಗೆ ಲಕೋಟೆಯ ಹತ್ತಿರ ನಡೆದು ಗೋಣಿಚೀಲದ ಅಂಚಿಗೆ ಕೂತುಬಿಟ್ಟಳು. ದಾವಲಸಾಬರು ಬೇಡಿಕೊಂಡರು, ನಾನು ಗದರಿದೆ. "ಕಾಗದದಾಗಿನ ಸಪ್ಪಳ ಒಂದ ಸಲ ಹೊರಗ ಬರೋದು. ಅದು ನೀವ ಹೇಳೋದಲ್ಲೇನ್ರಿ ಸಾಬ್ರ? ಏರಿ ಆಚೆ ಕುಂತು ಏನ್ ಕೇಳ್ಲಿ? ಬೋಗೋಣಿ ಸಪ್ಪಳಾನ?" ಎಂದಳು. ಅವಳನ್ನು ಎತ್ತಿಕೊಂಡು ಬರಬಹುದಿತ್ತು, ಹಗುರಾದ ಜೀವ. ಆದರೆ ಎತ್ತಲು ಬಗ್ಗಿದಾಗ ಅವಳು ಗೋಣಿಚೀಲದ ಅಂಚನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದದ್ದು ಕಂಡಿತು. ಹೆದರಿದ್ದಳು, ಪಾಪ. ಹೆದರಿಕೊಂಡೇ ಕೂತಿದ್ದಳು. ನನಗೆ ಅವಳ ಮೇಲೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ. ಅಂಗಡಿಯಿಂದ ತಂದಿದ್ದ ದಪ್ಪ ಕಂಬಳಿಯನ್ನು ದಾವಲಸಾಬರು ತಂದ ಕೊಡದ ನೀರಿನಲ್ಲಿ ಅದ್ದಿ ಇಬ್ಬರ ಮೇಲೂ ಹೊದ್ದುಕೊಂಡು ನಾನೂ ಪಕ್ಕದಲ್ಲಿ ಕೂತೆ. ಏರಿಯ ಮೇಲಿಂದ ಕಸ್ತೂರಿ ಏನೋ ಕೂಗಿದಳು. ಬಹುಶಃ ಬೈದಳು.

ದಾವಲಸಾಬರು ದೇವರ ಹೆಸರು ಹೇಳಿ ಕುಡುಗೋಲು ಎಳೆದರು.

ಮೊದಲು ಬಂದದ್ದು ಝಳ. ಒದ್ದೆ ಕಂಬಳಿಯಿಂದ ಉಗಿ ಎದ್ದಿತು. ಆಮೇಲೆ ಹೊಗೆ. ಆಮೇಲೆ ಆ ಸಪ್ಪಳ, ಲಕೋಟೆಯ ಹಂಗು ಹರಿದುಕೊಂಡು ಕೆರೆಯಂಗಳ ತುಂಬಿತು. ದಬ್ ದಬ್ ದಬ್ ದಬ್. ಮಲಗ್ರಿ ಎಂದು ದಾವಲಸಾಬರು ಕೂಗಿ ತಾವೇ ಮೊದಲು ಬೋರಲು ಬಿದ್ದರು. ನಾನು ಅತ್ತಿಯ ತಲೆಯನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದೆ. ಹಂಚು ಹಾರಲಿಲ್ಲ, ಹಾರಲು ಅಲ್ಲಿ ಹಂಚೇ ಇರಲಿಲ್ಲ. ಗುಂಡೂ ಬರಲಿಲ್ಲ. ದಬ್ ದಬ್ ನಡುವೆ ಒಮ್ಮೆ ಚುಂಯ್ ಎಂದು ಬಿಸಿ ಕಾವಲಿಗೆ ನೀರು ಸವರಿದ ಸದ್ದು ಬಂತು. ಕಂಬಳಿಯ ಸಂದಿಯಿಂದ ಒಂದು ವಾಸನೆ ಒಳಗೆ ಬಂತು. ಹಸಿದ ಹೊಟ್ಟೆಗೆ ಅದನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಆದರೂ ನನ್ನ ತಲೆ ಒಪ್ಪಲಿಲ್ಲ. ಅಷ್ಟರಲ್ಲಿ ಏರಿಯ ಮೇಲೆ ಕಸ್ತೂರಿ ತಲೆಯ ಮೇಲಿನ ಬೋಗುಣಿ ತೆಗೆದು ಎದ್ದು ನಿಂತಳು.

"ಏ, ರೊಟ್ಟಿ ಬಡಿಯಾಕತ್ತಾರ್ರಿ."

ಜೋಳದ ರೊಟ್ಟಿ. ನಮ್ಮ ಊರಿನ ಒಂದೊಂದು ಮನೆಯಲ್ಲಿ ದಿನ ಬೆಳಗಾದರೆ ಕೇಳುವ ಸಪ್ಪಳ. ಯುದ್ಧದ ಮೊಹರು ನೋಡಿ ಹೆದರಿ, ಬಡಿತಕ್ಕೆ ಫಿರಂಗಿ ಎಂದು ಹೆಸರಿಟ್ಟು, ಮೂರು ತಲೆಮಾರು ಆ ರೊಟ್ಟಿಯನ್ನು ಜೋಳದಲ್ಲೇ ಹೂತಿಟ್ಟು ಕೂತಿದ್ದೆವು. ಏರಿಯ ಮೇಲೆ ನಗು ಶುರುವಾಯಿತು. ಬೋಗುಣಿಗಳು ಉರುಳಿದವು. ದಾವಲಸಾಬರು ಮಣ್ಣು ಕೊಡವಿಕೊಳ್ಳುತ್ತ ಎದ್ದರು. ನಗುತ್ತಿದ್ದರೋ ನಾಚಿದ್ದರೋ ಆ ಮುಖದಲ್ಲಿ ಗೊತ್ತಾಗಲಿಲ್ಲ.

"ಎಲ್ಲಾರೂ ಬಾಯಿ ಮುಚ್ಚರಿ" ಎಂದು ಅತ್ತಿ ಕಂಬಳಿ ಕಿತ್ತೊಗೆದು ಕೂಗಿದಳು. ಅಷ್ಟು ದೊಡ್ಡ ದನಿ ಆ ದೇಹದಲ್ಲಿ ಇದ್ದದ್ದೇ ಯಾರಿಗೂ ಗೊತ್ತಿರಲಿಲ್ಲ. ಊರು ಗಪ್ಪಾಯಿತು.

ಆಗ ಕೇಳಿತು. ಬಡಿತ ನಿಂತು, ಕಾಗದದ ಮೇಲೆ ಶಾಯಿಯ ಟಾಕು ಆಡುವ ಸದ್ದು, ಜೊತೆಗೆ ಬರೆಯುತ್ತ ಬರೆಯುತ್ತ ತನಗೆ ತಾನೇ ಹೇಳಿಕೊಳ್ಳುವ ಗಂಡಸಿನ ದನಿ. ನಗು ತುಂಬಿದ ದನಿ. ಆ ಫೋಟೋದ ಮುಖಕ್ಕೆ ದನಿ ಇದ್ದರೆ ಹೀಗೇ ಇರಬೇಕು.

"ಬಸಲಿಂಗವ್ವಗ ತಿಳಿಸೋದು ಏನಂದ್ರ, ನಾ ಆರಾಮ ಅದೀನಿ. ಇಲ್ಲಿ ಬಿಸಿಲಿಗೆ ಮೈಮ್ಯಾಗಿನ ಅಂಗಿನ ಭಾರ, ಕಂಬಳಿ ಯಾರಿಗೆ ಬೇಕು? ಒಂದೂ ಹೋಗಲಿಲ್ಲ. ಹಿಟ್ಟಿನ ಚೀಲದ ಮ್ಯಾಲೆ ಹೊಚ್ಚೀವಿ. ಅಣ್ಣಗ ಹೇಳಬ್ಯಾಡ." ಇಲ್ಲಿ ಆತ ನಕ್ಕ. "ನಮ್ಮ ಕಡೆ ಹುಡುಗೂರು ಬಹಳ ಮಂದಿ ಅದಾರ. ದಂಡಿನ ಬ್ರೆಡ್ಡು ತಿಂದು ಸೊರಗಿದ್ರು. ನೀ ರೊಟ್ಟಿ ಬಡಿಯೋದ ನೋಡಿ ನೋಡಿ ಕಲತಿದ್ನೆಲ್ಲ, ಒಂದ ದಿನ ಬಡದು ಕೊಟ್ಟೆ. ಈಗ ಏಳಗೊಡವಲ್ರು. ಗಂಡಸ ಒಲಿ ಮುಂದ ಕುಂತರ ಮನಿತನದ ಮರ್ಯಾದಿ ಹೋಗತೈತಿ ಅಂತ ಅಣ್ಣ ಒದರ್ತಿದ್ದ. ಇಲ್ಲಿ ಯಾರೂ ಒದರಂಗಿಲ್ಲ, ಇನ್ನೊಂದು ಹಾಕ್ರಿ ಅಂತಾರ. ದಂಡು ಹೋದ್ರೂ ನಾ ಇಲ್ಲೇ ಇರ್ತೀನಿ. ಬಿಳಿಗುಂಡಿ ಸ್ಟೇಷನ್ ಅಂತ, ಹೊರಗ ಖಾನಾವಳಿ ಹಾಕ್ತೀನಿ. ನೀ ಬಂದು ಬಿಡು. ಬರ್ತೀನಿ ಅಂತ ಒಂದ ಗೆರಿ ಬರಿಸು, ಕರಕೊಂಡ ಹೋಗಾಕ ಬರ್ತೀನಿ. ಬರೀಲಿಲ್ಲಂದ್ರ, ನಿನಗ ಇಂಥಾ ರೊಟ್ಟಿ ಬಡಿಯೋ ಗಂಡ ಬ್ಯಾಡ ಅಂತ ತಿಳಕೊಂಡು ಸುಮ್ಮನ ಇರ್ತೀನಿ, ಮನಿ ಮುಂದ ಬಂದು ನಿನ್ನ ಮಾನ ಕಳ್ಯಂಗಿಲ್ಲ."

ಏರಿಯ ಮೇಲೆ ಯಾರೋ ಹೆಂಗಸರು ಸೆರಗು ಬಾಯಿಗೆ ಹಚ್ಚಿಕೊಂಡರು. ಬಸಲಿಂಗವ್ವ ಕಾಗದ ಒಡೆಯಲು ಹೆದರಿ ಗಂಡನ ದಾರಿ ಕಾದಳು, ಆತ ಅವಳ ಒಂದು ಗೆರೆಗೆ ಕಾದ. ಇಬ್ಬರದೂ ತಪ್ಪಿಲ್ಲ, ಇಬ್ಬರೂ ಸುಮ್ಮನೆ ಒಳ್ಳೆಯವರಾಗಿ ಕೂತರು. ಅತ್ತಿ ಮಾತ್ರ ಅಳಲಿಲ್ಲ. ಒಂದು ಕಿವಿ ಮುಂದೆ ಮಾಡಿ, ಬಾಯಿ ಸ್ವಲ್ಪ ತೆರೆದು, ತಪ್ಪಿ ಒಂದು ಅಕ್ಷರ ನೆಲಕ್ಕೆ ಬಿದ್ದರೂ ಆರಿಸಿಕೊಳ್ಳುವವಳ ಹಾಗೆ ಕೂತಿದ್ದಳು.

ಸಪ್ಪಳ ತೆಳ್ಳಗಾಗುತ್ತ ಬಂತು. ಒಳಗೆ ಬೇರೆ ಯಾರೋ, ಹುಡುಗನಂಥ ಸಿಪಾಯಿ ಇರಬೇಕು, ಕೇಳಿದ. "ಅಪ್ಪಾರ, ಮನಿಯವ್ರಿಗೇನ್ರಿ ಕಾಗದ?"

"ಹೂಂ. ದಿನ ತುಂಬ್ಯಾವ ಆಕಿಗೆ. ಇದು ಮುಟ್ಟೂದ್ರಾಗ ಹಡದಿರ್ತಾಳ."

"ಗಂಡ ಕೂಸ ಬೇಕೇನ್ರಿ, ಹೆಣ್ಣ?"

"ಹೆಣ್ಣಾಗಲೋ ತಮ್ಮಾ. ಹೆಣ್ಣಾದ್ರ ಸ್ಟೇಷನ್ ತುಂಬ ಹೋಳಿಗಿ ಊಟ. ಬರ್ಲಿ ನನ್ನ ಮಗಳು, ಕಂಕುಳಾಗ ಇಟ್ಕೊಂಡ ರೊಟ್ಟಿ ಬಡೀತೀನಿ."

"ಹೆಣ್ಣ ಅಪ್ಪಾ" ಎಂದಳು ಅತ್ತಿ.

ಗಾಳಿಗೆ ಹೇಳಿದಳು. ಎಂಬತ್ತು ದಾಟಿದ ಮುದುಕಿ ಸೆರಗು ಸರಿಮಾಡಿಕೊಂಡು, ಹೆಸರು ಹಿಡಿದು ಕರೆದವರಿಗೆ ಓಗೊಡುವ ಹಾಗೆ ಹೇಳಿದಳು. "ಹೆಣ್ಣ ಹುಟ್ಟೇನಿ ಅಪ್ಪಾ. ನೀಲವ್ವ ಅಂತ ಹೆಸರಿಟ್ಟಾರ." ಒಳಗಿನಿಂದ ಮತ್ತೆ ನಾಲ್ಕು ಬಡಿತ ಕೇಳಿ, ಒಲೆಯ ಝಳ ಕೆರೆಯ ಬಿಸಿಲಿನಲ್ಲಿ ಬೆರೆತುಹೋಯಿತು. ಗೋಣಿಚೀಲದ ಮೇಲೆ ತಣ್ಣನೆಯ ಕಾಗದ ಉಳಿಯಿತು. ಆಗ ಅವಳು ಅತ್ತಳು. ಅಳುತ್ತಲೇ ನಕ್ಕಳು. ಅವ ನನ್ನ ಬೇಕಂದಿದ್ದ, ಕೇಳಿದಿಯೇನೋ ಗುರುಸಿದ್ದ, ಬೇಕಂದಿದ್ದ ಎಂದು ನನ್ನ ತೊಡೆಗೆ ಗುದ್ದಿ ಗುದ್ದಿ ಹೇಳಿದಳು. ಹೌದತ್ತಿ, ಕೇಳಿದೆ ಎಂದೆ. ಮರುದಿನ ತೊಡೆ ನೀಲಿಗಟ್ಟಿತ್ತು.

ಆ ದಿನ ಊರಿನ ಯಾವ ಮನೆಯಲ್ಲೂ ಅನ್ನ ಮಾಡಲಿಲ್ಲ, ಎಲ್ಲರಿಗೂ ರೊಟ್ಟಿಯೇ ಬೇಕಾಯಿತು. ಬೆಲ್ಲದ ಅಂಗಡಿಯವನು ಹೋಳಿಗೆಗೆಂದು ಒಂದು ಪೆಂಟಿ ಬೆಲ್ಲ ನಮ್ಮ ಮನೆಗೆ ಕಳಿಸಿದ. ಮೂರು ತಲೆಮಾರು ಆಡಿದ ಮಾತಿಗೆ ಒಂದು ಪೆಂಟಿ ಕಡಿಮೆಯೇ, ಆದರೂ ಇಟ್ಟುಕೊಂಡೆ. ಬೋರ್ಡು ಇಳಿಸಲು ನಾನೇ ಏಣಿ ಹತ್ತಿದೆ. ಹೊಸದು ಏನು ಬರೆಸುತ್ತೀರಿ ಎಂದು ಮುದ್ರಣಾಲಯದವನು ಕೇಳಿದಾಗ, ತಡಿಯಪ್ಪ, ಇನ್ನೂ ಪೂರ್ತಿ ಗೊತ್ತಿಲ್ಲ ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಕೇಳಿ ಕಸ್ತೂರಿ ನನ್ನ ಹಣೆ ಮುಟ್ಟಿ ನೋಡಿದಳು.

ಎರಡು ದಿನ ಬಿಟ್ಟು ಮುಂಜಾನೆ ಅಂಗಡಿಯ ಬಾಗಿಲು ತೆಗೆಯುವಾಗ ನೀಲವ್ವ ಅತ್ತಿ ಇಳಕಲ್ ಸೀರೆ ಉಟ್ಟು, ಹೂ ಮುಡಿದು, ಬಗಲಲ್ಲಿ ಬುತ್ತಿ ಗಂಟು ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಮಕ್ಕಳು ಮೊಮ್ಮಕ್ಕಳು ಸುತ್ತ ನಿಂತು ಬೇಡವೆನ್ನುತ್ತಿದ್ದರು.

"ಅತ್ತಿ, ಆತ ಈಗ ಅಲ್ಲಿ ಇರ್ತಾನೇನು? ಖಾನಾವಳಿ ಇರತೈತೇನು? ಸ್ಟೇಷನ್ನರ ಐತೋ ಇಲ್ಲೋ" ಎಂದೆ.

"ನಾ ಏನ್ ಹುಚ್ಚಿ ಅಲ್ಲಪಾ, ಅಪ್ಪ ಇರಂಗಿಲ್ಲ ಅಂತ ಗೊತ್ತೈತಿ. ಆದ್ರ ಕರದಾನಲ್ಲ. ಅವ್ವಗ ಹೋಗಾಕ ಆಗಲಿಲ್ಲ. ಕರದ ಮ್ಯಾಲೆ ಒಬ್ಬರರ ಹೋಗಬೇಕೋ ಬ್ಯಾಡೋ? ಅವ ಕುಂತ ಜಾಗಾದಾಗ ಕುಂತು ಒಂದು ರೊಟ್ಟಿ ತಿಂದು ಬರ್ತೀನಿ. ನೀ ಬಂದ್ರ ಬಾ, ಇಲ್ಲಂದ್ರ ದಾರಿ ಬಿಡು."

ನಾನು ಅಂಗಡಿಯ ಬೀಗವನ್ನು ಮತ್ತೆ ಹಾಕಿ, ಕೀಲಿಯನ್ನು ಗದ್ದಲ ಕೇಳಿ ಬಂದ ಕಸ್ತೂರಿಯ ಕೈಗೆ ಕೊಟ್ಟು, ಅತ್ತಿಯ ಗಂಟು ಹೊತ್ತುಕೊಂಡೆ. ಬಸ್ಸು ಅರ್ಧ ಖಾಲಿ ಇತ್ತು. ಅತ್ತಿ ಕಿಟಕಿಯ ಪಕ್ಕದ ಸೀಟು ನನಗೆ ಬಿಡಲಿಲ್ಲ. ಊರಿನ ಕಡೆಯ ಮನೆ ದಾಟಿದ ಮೇಲೆ ಕಂಡಕ್ಟರ್ ಬಂದು, ಹೂ ಮುಡಿದ ಮುದುಕಿಯನ್ನು ನೋಡಿ ನಗುತ್ತ ಕೇಳಿದ.

"ಅಮ್ಮಾರು ಎಲ್ಲಿಗೆ ಹೊಂಟೀರಿ?"

"ತವರಿಗೆ" ಎಂದಳು ಅತ್ತಿ.

ಊರ ಹೆಸರು ಹೇಳ್ರಿ ಎಂದು ಅವನು ನನ್ನ ಮುಖ ನೋಡಿದ. ಬಿಳಿಗುಂಡಿ ಸ್ಟೇಷನ್ ಎರಡು ಕೊಡಪ್ಪ ಎಂದು ನಾನು ದುಡ್ಡು ತೆಗೆದೆ.